ಕಷಾಯ ಧ್ವನಿಪೆಟ್ಟಿಗೆಗೆ ಮುಟ್ಟುವುದೇ ಇಲ್ಲ

ಸಂಪಾದಕರಿಗೆ ನಮಸ್ಕಾರ.

ದನಿ ಒಡೆದವರಿಗೆ ಮನೆಮದ್ದು ಅಂತ ಪತ್ರಿಕೆಗಳ ಆರೋಗ್ಯ ಪುಟದಲ್ಲಿ ಆಗಾಗ ಬರುತ್ತಿರುತ್ತದೆ. ಜೇನು, ಶುಂಠಿ, ಕಾಳುಮೆಣಸು, ಜೇಷ್ಠಮಧು. ಬೇಡ ಅನ್ನಲ್ಲ, ನಮ್ಮ ಮನೆಯಲ್ಲೂ ಕುಡಿಯುತ್ತೇವೆ. ಆದರೆ ಕಷಾಯ ಇಳಿದು ಧ್ವನಿಪೆಟ್ಟಿಗೆಯನ್ನು ತೊಳೆಯುತ್ತದೆ ಅನ್ನೋ ಅರ್ಥದಲ್ಲಿ ಬರೆದುಬಿಡುತ್ತಾರಲ್ಲ, ಅದಕ್ಕೇ ಈ ಪತ್ರ. ನಾನು ಕಲಬುರಗಿಯಲ್ಲಿ ಹೈಸ್ಕೂಲ್ ಮಕ್ಕಳಿಗೆ ವಿಜ್ಞಾನ ಹೇಳುವವಳು, ಇಂಥದ್ದನ್ನು ಓದಿ ಸುಮ್ನೆ ಕೂರೋದು ಕಷ್ಟ.

ನುಂಗಿದ ಯಾವುದೂ ಧ್ವನಿಪೆಟ್ಟಿಗೆಯೊಳಗೆ ಹೋಗುವುದಿಲ್ಲ, ಹೋಗಲೂಬಾರದು. ಅದು ಇರುವುದು ಶ್ವಾಸನಾಳದ ಬಾಯಲ್ಲಿ. ಅನ್ನನಾಳ ಅದರ ಹಿಂದೆ. ಕೊರಳ ಮುಂದಿನ ಉಬ್ಬಿನ ಮೇಲೆ ಬೆರಳಿಟ್ಟು ಒಮ್ಮೆ ಎಂಜಲು ನುಂಗಿ ನೋಡಿ, ಇಡೀ ಪೆಟ್ಟಿಗೆ ಮೇಲಕ್ಕೆ ಹೋಗಿ ಇಳಿಯುತ್ತದೆ. ಅದು ಮೇಲೆ ಹೋದಾಗ ಎಪಿಗ್ಲಾಟಿಸ್ ಅನ್ನೋ ಎಲೆಯಾಕಾರದ ಮೆದು ಎಲುಬು ಬಾಗಿ ಮುಚ್ಚಳ ಹಾಕುತ್ತದೆ, ಕೆಳಗೆ ದನಿ ಹೊರಡಿಸುವ ಎರಡೂ ಧ್ವನಿತಂತು ಒಂದಕ್ಕೊಂದು ಒತ್ತಿ ನಿಲ್ಲುತ್ತವೆ, ಆ ಕ್ಷಣಕ್ಕೆ ಉಸಿರೂ ನಿಲ್ಲುತ್ತದೆ. (ಎಪಿಗ್ಲಾಟಿಸ್ ಅಂದರೆ ಕನ್ನಡಿಯಲ್ಲಿ ಕಾಣುವ ಕಿರುನಾಲಿಗೆ ಅಲ್ಲ, ಅದು ಬೇರೆ.) ಇಷ್ಟಾದ ಮೇಲೂ ಒಂದು ಹನಿ ತಪ್ಪಿ ಒಳಗೆ ಬಿತ್ತು ಅಂದರೆ ನೆತ್ತಿಗೇರಿ ಕಣ್ಣಲ್ಲಿ ನೀರು ಬರೋ ತನಕ ಕೆಮ್ಮು, ಮನೆಯವರು ತಲೆ ತಟ್ಟುತ್ತ ಯಾರೋ ನೆನಸ್ತಿದ್ದಾರೆ ಅನ್ನುತ್ತಾರೆ. ಹೀಗಿರುವಾಗ ಕಷಾಯ ತಂತುಗಳನ್ನು ತೊಳೆಯುವುದಾದರೂ ಹೇಗೆ? ಕೆರೆಯುವ ಗಂಟಲಿಗೆ ಹಿತವಾಗುತ್ತದೆ, ಮೈಗೆ ನೀರು ಸೇರುತ್ತದೆ, ಅಷ್ಟೇ. ಬಿಸಿನೀರಿನ ಆವಿ ಉಸಿರಿನ ಜೊತೆ ಹೋಗುವುದರಿಂದ ತಂತುಗಳವರೆಗೂ ತಲುಪುತ್ತದೆ. ಬೀಡಿ ಹೊಗೆ ಹೋಗುವುದೂ ಅದೇ ದಾರಿಯಲ್ಲಿ, ಅದನ್ನು ಮಾತ್ರ ಯಾವ ಮನೆಮದ್ದಿನ ಲೇಖನದಲ್ಲೂ ಬರೆಯುವುದಿಲ್ಲ.

ದನಿ ಒಡೆಯುವುದು ಯಾಕೆ ಅಂದರೆ, ಮಾತಾಡುವಾಗ ಈ ತಂತುಗಳು ಗಂಡಸರಲ್ಲಿ ಸೆಕೆಂಡಿಗೆ ಸುಮಾರು 100ರಿಂದ 130 ಸಲ, ಹೆಂಗಸರಲ್ಲಿ ಸುಮಾರು 200 ಸಲ ತಾಗಿ ಬಿಡುತ್ತಿರುತ್ತವೆ. ಹೆಂಗಸರಿಗೆ ನಿಮಿಷಕ್ಕೆ ಸುಮಾರು 12,000 ಆಯಿತಲ್ಲ. ಕ್ಲಾಸಿನಲ್ಲಿ ಮೇಲೆ ತಗಡು, ಕೆಳಗೆ ಶಹಾಬಾದ್ ಕಲ್ಲು, ಫ್ಯಾನಿನ ಸದ್ದು, ಕೊನೇ ಬೆಂಚಿಗೂ ಕೇಳಲಿ ಅಂತ ಟೀಚರ್ ಕಿರುಚಿದರೆ ತಾಕಲಾಟ ಇನ್ನೂ ಜೋರಾಗುತ್ತದೆ, ತಾಗುವ ಜಾಗದಲ್ಲಿ ಊತ ಬಂದು ನಿಧಾನಕ್ಕೆ ಗಂಟು ಕಟ್ಟುತ್ತದೆ. ಬಸ್ ಸ್ಟ್ಯಾಂಡಲ್ಲಿ ಊರ ಹೆಸರು ಕೂಗುವವರು, ರಾತ್ರಿಯಿಡೀ ತತ್ವಪದ ಹಾಡುವ ಭಜನಾ ಮೇಳದವರು, ಎಲ್ಲರದೂ ಇದೇ ಕಥೆ. ಇಂಥ ಗಂಟಿಗೆ ದನಿಗೆ ವಿಶ್ರಾಂತಿ, ಮಾತಾಡುವ ರೀತಿ ತಿದ್ದುವ ತರಬೇತಿ ಬೇಕು. ಪಿಸುಮಾತು ವಿಶ್ರಾಂತಿ ಅಲ್ಲ, ಪದೇ ಪದೇ ಗಂಟಲು ಸರಿಮಾಡಿಕೊಳ್ಳುವುದೂ ತಂತುಗಳಿಗೆ ಪೆಟ್ಟೇ.

ಇದು ಹೇಗೋ ಸರಿಹೋಗುವಂಥದ್ದು. ನನ್ನ ಚಿಂತೆ ಬೇರೆ. ಜೂನ್‌ನಲ್ಲಿ ಒಡೆದ ದನಿಗೆ ದೀಪಾವಳಿ ತನಕ ಕಷಾಯ ಕುಡಿಯುವವರು ನಮ್ಮಲ್ಲಿ ಕಡಿಮೆ ಇಲ್ಲ. ಅವರಲ್ಲಿ ಕೆಲವರಿಗೆ ತೊಂದರೆ ಇರುವುದು ಗಂಟಲಲ್ಲೇ ಅಲ್ಲ! ಧ್ವನಿತಂತು ಅಲುಗಿಸುವ ನರ ಮಿದುಳಿನಿಂದ ನೇರವಾಗಿ ಪೆಟ್ಟಿಗೆಗೆ ಬರುವುದಿಲ್ಲ. ಎಡಗಡೆಯದು ಎದೆಯೊಳಗೆ ಇಳಿದು, ಹೃದಯದಿಂದ ಹೊರಟ ದೊಡ್ಡ ರಕ್ತನಾಳವನ್ನು ಕೆಳಗಿಂದ ಸುತ್ತಿ, ಮತ್ತೆ ಕೊರಳಿಗೆ ಹತ್ತುತ್ತದೆ. ಯಾಕಿಷ್ಟು ಸುತ್ತು ಅಂತ ಮಕ್ಕಳೂ ಕೇಳುತ್ತಾರೆ. ಭ್ರೂಣದಲ್ಲಿ ಹೃದಯ ಕೊರಳ ಹತ್ತಿರವೇ ಇರುತ್ತದೆ, ಆಮೇಲೆ ಅದು ಎದೆಗೆ ಇಳಿಯುವಾಗ ನರವೂ ಅದರ ಜೊತೆ ಕೆಳಗೆ ಎಳೆದುಹೋಗುತ್ತದೆ. ಹೀಗಾಗಿ ಶ್ವಾಸಕೋಶದ ಗಡ್ಡೆಯೋ ಕ್ಷಯದಿಂದ ಊದಿದ ಗ್ರಂಥಿಯೋ ಎದೆಯಲ್ಲಿ ಆ ನರವನ್ನು ಒತ್ತಿದರೆ ಮೊದಲು ಗೊತ್ತಾಗುವುದು ದನಿಯಲ್ಲೇ ಇರಬಹುದು. ದನಿ ಬಿದ್ದಿದೆ ಅಂತ ಹೋದರೆ ಡಾಕ್ಟರು ಎದೆಯ ಎಕ್ಸ್‌ರೇ ಯಾಕೆ ಕೇಳುತ್ತಾರೆ ಅಂತ ಗೊಣಗಬೇಡಿ.

ಇನ್ನು ಕ್ಯಾನ್ಸರ್. ಧ್ವನಿತಂತುವಿನ ಮೇಲೇ ಶುರುವಾದರೆ ದನಿ ಬೇಗ ಕೆಡುತ್ತದೆ. ಒಂದು ಲೆಕ್ಕದಲ್ಲಿ ಅದು ಒಳ್ಳೇದು, ಆಗಲೇ ಹಿಡಿದರೆ ರೇಡಿಯೇಷನ್ ಅಥವಾ ಸಣ್ಣ ಆಪರೇಷನ್‌ನಲ್ಲಿ ವಾಸಿಯಾಗುವ ಸಾಧ್ಯತೆ ಜಾಸ್ತಿ, ಮಾತೂ ಉಳಿಯುತ್ತದೆ. ತಡವಾದರೆ ಇಡೀ ಪೆಟ್ಟಿಗೆ ತೆಗೆದು ಕೊರಳಲ್ಲಿ ತೂತಿಟ್ಟು ಅದರಿಂದಲೇ ಉಸಿರಾಡಬೇಕಾದ ಸ್ಥಿತಿ ಬರಬಹುದು. ಬೀಡಿ ಸಿಗರೇಟು ಸೇದುವವರು, ಅದರ ಜೊತೆ ಕುಡಿಯುವವರು ಇದನ್ನು ಎರಡು ಸಲ ಓದಲಿ.

ತೋರಿಸುವುದೂ ಈಗ ದೊಡ್ಡ ಕೆಲಸವಲ್ಲ. 1854ರಲ್ಲಿ ಮ್ಯಾನುಯೆಲ್ ಗಾರ್ಸಿಯಾ ಅನ್ನೋ ಸಂಗೀತದ ಮೇಷ್ಟ್ರು ಹಲ್ಲಿನ ಡಾಕ್ಟರ ಪುಟ್ಟ ಕನ್ನಡಿ ಮತ್ತು ಬಿಸಿಲನ್ನು ಬಳಸಿ ತನ್ನದೇ ತಂತುಗಳು ಅಲುಗುವುದನ್ನು ನೋಡಿದ್ದ. ಈಗ ಇಎನ್‌ಟಿ (ಕಿವಿ, ಮೂಗು, ಗಂಟಲಿನ) ಡಾಕ್ಟರು ಮೂಗಿನಿಂದ ತೆಳ್ಳಗಿನ ಕ್ಯಾಮೆರಾ ಇಳಿಸಿ ಕೆಲವೇ ನಿಮಿಷದಲ್ಲಿ ನೋಡುತ್ತಾರೆ. ಇದಕ್ಕೆ ಸೊಲ್ಲಾಪುರ, ಹೈದರಾಬಾದ್ ಅಂತ ಓಡಬೇಕಿಲ್ಲ, ಕಲಬುರಗಿಯಲ್ಲೇ ಜಿಮ್ಸ್ ಸರ್ಕಾರಿ ಆಸ್ಪತ್ರೆ ಇದೆ, ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯ ಶಾಖೆಯೂ ಇದೆ.

ನಿಮ್ಮಲ್ಲಿ ಕೇಳುವುದು ಇಷ್ಟೇ. ಮುಂದಿನ ಸಲ ದನಿಗೆ ಮನೆಮದ್ದು ಅಂತ ಹಾಕಿದಾಗ ಕೆಳಗೆ ದಪ್ಪ ಅಕ್ಷರದಲ್ಲಿ ಇದನ್ನೂ ಹಾಕಿ: ದನಿ ಒಡೆದು ಮೂರು ವಾರ ದಾಟಿದರೆ ಇಎನ್‌ಟಿ ಡಾಕ್ಟರಿಗೆ ತೋರಿಸಿ, ನುಂಗಲು ಕಷ್ಟ, ಉಸಿರಿಗೆ ತೊಂದರೆ, ಕಫದಲ್ಲಿ ರಕ್ತ, ಕೊರಳಲ್ಲಿ ಗಂಟು ಇದ್ದರೆ ಮೂರು ವಾರವೂ ಕಾಯಬೇಡಿ.

– ವಿಜ್ಞಾನ ಶಿಕ್ಷಕಿ, ಕಲಬುರಗಿ