ಆ ಮಣ್ಣು ಒಗೀಬ್ಯಾಡ

ಬೀದರ್
ಭಾನುವಾರ ರಾತ್ರಿ

ಮಗಳಿಗೆ ಅವ್ವನ ಆಶೀರ್ವಾದ.

ನಿನ್ನ ಮಗ ಸಣ್ಣಾವ ನಾಳೆ ನಿನ್ನ ತಮ್ಮನ ಸಂಗಟ ಪುಣೆ ಬಸ್ ಹತ್ತುತ್ತಾನೆ. ಮನೆಗೆ ಬಂದ ಕೂಡಲೇ ನೀನು ಅವನ ಬಟ್ಟೆಯೆಲ್ಲ ಮಷಿನ್‌ಗೆ ತುರುಕುವವಳು, ಅದಕ್ಕೇ ಈ ಪತ್ರ ಬ್ಯಾಗಿನಲ್ಲಿ ಮೇಲೇ ಇಟ್ಟಿದ್ದೇನೆ. ಕರಿ ಚಡ್ಡಿಯ ಕಿಸೆಯಲ್ಲಿ ಒಂದು ಪೊಟ್ಟಣ ಇದೆ. ಚಡ್ಡಿ ಒಗಿ, ಪೊಟ್ಟಣ ಒಗೀಬ್ಯಾಡ. ಅದು ಕೋಟೆಯ ಮಣ್ಣು.

ನಿನಗೆ ರಜೆ ಸಿಗಲಿಲ್ಲ, ಇರಲಿ. ದೀಪಾವಳಿಗೆ ನಾವು 17 ಮಂದಿ ಸೇರಿದ್ದೆವು, ಅದರಲ್ಲಿ 7 ಹುಡುಗರು. ಎಲ್ಲರೂ ಒಂದೇ ಕ್ರೂಸರ್‌ನಲ್ಲಿ, ತೊಡೆಯ ಮೇಲೆ ರೊಟ್ಟಿ ಬುತ್ತಿ, ಶೇಂಗಾ ಹಿಂಡಿ. ನಿನ್ನ ದೊಡ್ಡಪ್ಪ ಗೊತ್ತಲ್ಲ, ಪಟ್ಟಿ ಬರೆಯದೆ ಊಟಕ್ಕೂ ಕೂಡುವವರಲ್ಲ. ಒಂದೇ ದಿನದಲ್ಲಿ ಊರೆಲ್ಲ ಮುಗಿಸಬೇಕೆಂದು ಹೊರಡಿಸಿದರು.

ಝರಣಿ ನರಸಿಂಹನ ಗವಿಯಲ್ಲಿ ನೀರು ಎದೆಮಟ, ತಲೆಯ ಮೇಲೆ ಬಾವಲಿಗಳು. ಸುಮಾರು 300 ಮೀಟರ್ ಆ ನೀರಿನಲ್ಲೇ ನಡೆಯಬೇಕು. ಹುಡುಗರು ಹೆಗಲೇರಿ ಕಿರುಚಿದ್ದೇ ಕಿರುಚಿದ್ದು. ನಾನು ಮಂಡಿ ನೋವಿನ ನೆಪ ಹೇಳಿ ಮೆಟ್ಟಿಲ ಮೇಲೆ ಕುಳಿತು ಎಲ್ಲರ ಚಪ್ಪಲಿ ಕಾದೆ. ಆಮೇಲೆ ನಾನಕ್ ಝೀರಾ ಗುರುದ್ವಾರದಲ್ಲಿ ತಲೆಗೆ ಕರವಸ್ತ್ರ ಕಟ್ಟಿಕೊಂಡು ಲಂಗರ್ ಊಟ. ತಂದ ಬುತ್ತಿ ಹಾಗೇ ಉಳಿಯಿತು.

ಬಹಮನಿ ಮಂತ್ರಿ ಮಹಮೂದ್ ಗವಾನನ ಮದರಸಾದ ಮುಂದೆ ನಿನ್ನ ಮಗ ಕತ್ತೆತ್ತಿ ನಿಂತುಬಿಟ್ಟ. "ಆಯಿ, ಇನ್ನೊಂದು ಮಿನಾರ ಎಲ್ಲದ?" 1472ರಲ್ಲಿ ಕಟ್ಟಿದ್ದು, ಔರಂಗಜೇಬನ ಕಾಲದಲ್ಲಿ ಮದ್ದು ಸಿಡಿದು ಹೋಯಿತಂತೆ ಅಂದೆ. "ಬಿದ್ದದ್ದು ಯಾರೂ ತಿರುಗಿ ಎತ್ತಿ ನಿಲ್ಲಿಸಲಿಲ್ಲೇನು?" ಕಾಯಿಪಲ್ಯಕ್ಕೆ ಹೋಗುವಾಗ ದಿನಾ ಅದರ ಮುಂದೇ ಹಾಯುವವಳು ನಾನು. ಗೋಡೆಯ ಮೇಲೆ ಇನ್ನೂ ಅಷ್ಟೊಂದು ನೀಲಿ ಹೆಂಚು ಉಳಿದಿವೆ ಅಂತ ಅವತ್ತೇ ಕಂಡದ್ದು.

ಕೋಟೆಯೊಳಗೆ ರಂಗೀನ್ ಮಹಲಿನ ಕರಿಕಲ್ಲಿನಲ್ಲಿ ಕೂಡಿಸಿದ ಮುತ್ತಿನ ಚಿಪ್ಪು ನೋಡುತ್ತ ನಿನ್ನ ಅತ್ತಿಗೆಯಂದಿರು ಕದಲಲಿಲ್ಲ. ಸೋಳಾ ಕಂಬ ಮಸೀದಿ ಓಡೋಡುತ್ತ ನೋಡಿದ್ದು. ಅಷ್ಟೂರಿನ ಸುಲ್ತಾನರ ಗೋರಿ ಗುಮ್ಮಟಗಳು ಬಿಟ್ಟೇಹೋದವು, ಅದಕ್ಕೆ ಕಾರಣ ನಿನ್ನ ಮಗನೇ.

ಚೌಬಾರಾ ಗೋಪುರದ ಹತ್ತಿರದ ಓಣಿಯಲ್ಲಿ ಒಬ್ಬ ಚಾಚಾ ಬಿದರಿ ತಟ್ಟೆ ಮಾಡುತ್ತ ಕುಳಿತಿದ್ದ. ಸತು ಜಾಸ್ತಿ, ತಾಮ್ರ ಸ್ವಲ್ಪ, ಎರಡೂ ಕರಗಿಸಿ ಎರಕ ಹೊಯ್ದದ್ದು. ಚಾಣದಿಂದ ಬಳ್ಳಿ ಕೊರೆದು ಬೆಳ್ಳಿ ತಂತಿ ಬಡಿದು ಕೂಡಿಸಿ ಆಗಿತ್ತು, ಆದರೆ ಉಜ್ಜಿದ ಮೇಲೆ ಎಲ್ಲ ಒಂದೇ ಬೂದಿ ಬಣ್ಣ. ಬಳ್ಳಿ ಎಲ್ಲಿದೆ ಅಂತ ಹುಡುಕಬೇಕು. ಕೋಟೆಯ ಹಳೇ ಮಣ್ಣು ಒಂದು ಚಿಟಿಕೆ ನಾಲಿಗೆಗೆ ಇಟ್ಟು ನೋಡಿದ, ತಲೆಯಾಡಿಸಿದ. ಅದನ್ನೂ ನವಸಾಗರ ಅನ್ನುವ ಉಪ್ಪನ್ನೂ ನೀರಿಗೆ ಹಾಕಿ ಕುದಿಸಿ, ತಟ್ಟೆ ಬಿಸಿ ಮಾಡಿ ತಿಕ್ಕಿದ. ನಮ್ಮ ಕಣ್ಣೆದುರೇ ತಟ್ಟೆ ಕರ್‍ರಗಾಯಿತು, ಬೆಳ್ಳಿ ಬಳ್ಳಿ ಮಾತ್ರ ಬೆಳ್ಳಗೆ ಎದ್ದು ನಿಂತಿತು.

"ಬೆಳ್ಳಿ ಯಾಕ ಕರಿ ಆಗ್ಲಿಲ್ಲ?"

"ಈ ಮಣ್ಣು ಸತುವಿನ ಮ್ಯಾಲಷ್ಟೇ ಕೆಲಸ ಮಾಡ್ತದ ಬೇಟಾ."

ದೊಡ್ಡಪ್ಪ ಹೊರಗಿನಿಂದ ಎರಡು ಸಲ ಹಾರ್ನ್ ಹೊಡೆಸಿದರು. ಇವನು ಏಳಲೇ ಇಲ್ಲ. ಚಾಚಾ ನೋಡದಿದ್ದಾಗ ತಾನೂ ಒಂದು ಚಿಟಿಕೆ ಮಣ್ಣು ನಾಲಿಗೆಗೆ ಇಟ್ಟುಕೊಂಡ. ನಾನು ನೋಡಿದೆ, ಸುಮ್ಮನಿದ್ದೆ. ಬೈಯುವುದಿದ್ದರೆ ನನಗೆ ಬೈ. ನೀನೇನು ಕಡಿಮೆ ಇದ್ದೆಯಾ, ಮೂರು ವರ್ಷದವಳಿದ್ದಾಗ ಪಡಸಾಲೆ ಗೋಡೆಯ ಸುಣ್ಣ ಕೆರೆದು ತಿಂದವಳು.

ಆ ಪೊಟ್ಟಣ ಚಾಚಾನೇ ಕಟ್ಟಿಕೊಟ್ಟದ್ದು. ನಿನ್ನ ಮದುವೆಯಲ್ಲಿ ಕೊಟ್ಟ ಬಿದರಿ ಡಬ್ಬಿ, ಅದೇ ನೀನು ಸೇಫ್ಟಿ ಪಿನ್ ಹಾಕಿಡುವುದು, ಬಣ್ಣ ಹೋಗಿ ಬೂದಿಯಾಗಿದೆಯಂತಲ್ಲ. "ಅಮ್ಮನ ಡಬ್ಬಿ ನಾನೇ ಕರಿ ಮಾಡ್ತೀನಿ" ಅಂತ ದಾರಿಯುದ್ದಕ್ಕೂ ಅಂದದ್ದೇ ಅಂದದ್ದು. ಒಲೆ ಹತ್ತಿರ ಬಿಡಬೇಡ, ನವಸಾಗರವನ್ನೂ ಕೊಡಿಸಬೇಡ. ಬರೇ ಮಣ್ಣು ನೀರಿನಲ್ಲಿ ಕಲಸಿ ತಿಕ್ಕಿಕೊಳ್ಳಲಿ. ಆಗಲಿಲ್ಲ ಅಂತ ಮಾರಿ ಸಣ್ಣದು ಮಾಡಿದರೆ, ಯುಗಾದಿಗೆ ಬರುವಾಗ ಡಬ್ಬಿ ತಗೊಂಡು ಬಾ. ಪಿನ್ನುಗಳನ್ನು ಅಲ್ಲೇ ಬಿಟ್ಟು ಬಾ.

ನಿನ್ನ ಅವ್ವ