ಮಾರುವವರ ಮೇಸ್ತ್ರಿಯ ಮಾತು ತಪಾಸಣೆಯಲ್ಲ

ಮಾನ್ಯ ಸಂಪಾದಕರೇ,

ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವ ಜೂನ್ 1ರಿಂದ ಜುಲೈ 31ರ ವರೆಗಿನ 61 ದಿನಗಳು ನಮ್ಮ ಕರಾವಳಿಯಲ್ಲಿ ಬಲೆ ಸರಿಪಡಿಸುವ ಕಾಲವಷ್ಟೇ ಅಲ್ಲ, ಬೋಟುಗಳ ಕೊಡುಕೊಳ್ಳುವಿಕೆಯ ಕಾಲವೂ ಹೌದು. ಬೈತಖೋಲ, ಬೇಲೆಕೇರಿ, ತದಡಿ, ಹೊನ್ನಾವರ, ಭಟ್ಕಳ ಎಂದು ಯಾವ ಬಂದರಿಗೆ ಹೋದರೂ ದಡಕ್ಕೇರಿಸಿ ತಾಡಪಾಲು ಹೊದೆಸಿದ ಬೋಟುಗಳ ಸಾಲಿನಲ್ಲಿ ಒಂದೆರಡಾದರೂ ಮಾರಾಟದ ಮಾತುಕತೆಯಲ್ಲಿರುತ್ತವೆ. ಆಗಸ್ಟ್ 1ಕ್ಕೆ ಕಡಲಿಗಿಳಿಯುವ ಅವಸರದಲ್ಲಿ ಹತ್ತಾರು ಲಕ್ಷದ ವ್ಯವಹಾರ ಒಂದೇ ಸಂಜೆಯಲ್ಲಿ ಮುಗಿಯುವುದನ್ನು ಮೂವತ್ತು ವರ್ಷಗಳಿಂದ ನೋಡುತ್ತ ಬಂದಿದ್ದೇನೆ. ಒಮ್ಮೆ ನಾನೂ ಹಾಗೆಯೇ ಮುಗಿಸಿದ್ದೇನೆ.

ಕಳೆದ ವಾರ ನಮ್ಮೂರಿನ ಯುವಕನೊಬ್ಬ ಮನೆಗೆ ಬಂದು, ತಾನು ನೋಡಿರುವ ಹಳೆಯ ಬೋಟಿಗೆ 14 ಲಕ್ಷ ರೂಪಾಯಿ ಹೇಳುತ್ತಿದ್ದಾರೆಂದೂ, ಅದನ್ನು ತಪಾಸಣೆ ಮಾಡಿ ವರದಿ ಬರೆದುಕೊಡಲು ಮಂಗಳೂರಿನ ಸರ್ವೇಯರ್ ಒಬ್ಬರು ಪ್ರಯಾಣದ ಖರ್ಚೂ ಸೇರಿ 15 ಸಾವಿರ ಕೇಳಿದ್ದಾರೆಂದೂ ತಿಳಿಸಿ, ಕೊಡಬೇಕೋ ಬೇಡವೋ ಎಂದು ವಿಚಾರಿಸಿದ. ಬಂದರಿನ ಚಹಾದಂಗಡಿಯಲ್ಲಿ ಅವನಿಗೆ ಆಗಲೇ ಉತ್ತರ ಸಿಕ್ಕಿತ್ತು: ಅಷ್ಟು ದುಡ್ಡನ್ನು ದೇವಸ್ಥಾನದ ಹುಂಡಿಗೆ ಹಾಕಿದರೆ ಪುಣ್ಯವಾದರೂ ಬಂದೀತು. ನಾನು ಕೊಡು ಎಂದೆ. ಹಾಗೇಕೆ ಹೇಳಿದೆ ಎಂಬುದನ್ನು ಈ ಹಂಗಾಮಿನಲ್ಲಿ ಬೋಟು ಕೊಳ್ಳಲಿರುವ ಇತರರ ಮುಂದೆಯೂ ಇಡಬೇಕೆನಿಸಿ ಈ ಪತ್ರ ಬರೆಯುತ್ತಿದ್ದೇನೆ.

ಒಂಬತ್ತು ವರ್ಷಗಳ ಹಿಂದೆ ನಾನೂ ನನ್ನ ಭಾವನವರೂ ಕೂಡಿ ಮರದ ಬೋಟೊಂದನ್ನು ಕೊಂಡೆವು. ಹೆಬ್ಬಲಸಿನ ಹಲಗೆ, ಹೊರಗೆ ಫೈಬರ್ ಹೊದಿಕೆ, ಅದರ ಮೇಲೆ ಹೊಸ ನೀಲಿ ಬಣ್ಣ. ನೋಡಲು ಬೋಟಿನ ಮರಗೆಲಸ ಮಾಡುವ ಪರಿಚಯದ ಮೇಸ್ತ್ರಿಯೊಬ್ಬರನ್ನು ಕರೆದೊಯ್ದಿದ್ದೆವು. ಅವರು ಒಂದು ಸುತ್ತು ಹಾಕಿ, ಎರಡು ಕಡೆ ಅಂಗೈಯಿಂದ ತಟ್ಟಿ, ‘ಇನ್ನು ಹತ್ತು ವರ್ಷ ಚಿಂತೆಯಿಲ್ಲ’ ಎಂದರು. ಸೆಪ್ಟೆಂಬರ್‌ನಲ್ಲಿ, ತಳದ ನೀರು ಹೊರಹಾಕುವ ಪಂಪನ್ನು ದಿನಕ್ಕೆರಡು ಬಾರಿ ನಡೆಸಿದರೆ ಸಾಕಾಗುತ್ತಿದ್ದುದು ನಾಲ್ಕು ಬಾರಿಗೆ ಏರಿತು. ದೀಪಾವಳಿಯ ಹೊತ್ತಿಗೆ ಪಂಪು ನಿಲ್ಲಿಸಲು ಹೆದರಿಕೆಯಾಗತೊಡಗಿತು. ಕೊನೆಗೆ ದಡಕ್ಕೆಳೆಸಿ, ಹಿಂಭಾಗದಲ್ಲಿ ಒಂದು ಮೊಳ ಅಗಲಕ್ಕೆ ಫೈಬರ್ ಕತ್ತರಿಸಿ ತೆಗೆಸಿದಾಗ ಒಳಗಿನಿಂದ ಕಪ್ಪು ನೀರು ಇಳಿಯಿತು, ಕೊಳೆಹಾಕಿದ ತೆಂಗಿನ ಸಿಪ್ಪೆಯನ್ನು ಹೊಂಡದಿಂದ ಎತ್ತುವಾಗ ಬರುವಂಥದೇ ವಾಸನೆ. ಭಾವನವರು ಹಲಗೆಗೆ ಸ್ಕ್ರೂಡ್ರೈವರ್ ಒತ್ತಿ ನೋಡಿದರು. ಅದು ಹಿಡಿಯವರೆಗೂ ಸದ್ದಿಲ್ಲದೆ ಒಳಗೆ ಹೋಯಿತು. ಬೋಟಿನ ಬೆಲೆಯ ಮೂರನೆಯ ಒಂದು ಪಾಲಿಗೂ ಮಿಕ್ಕಿದ ಹಣ ದುರಸ್ತಿಗೆ ಹೋಯಿತು, ಆ ಹಂಗಾಮಿನ ಮೀನು ಬೇರೆಯವರ ಬಲೆಗೆ ಹೋಯಿತು.

ಮೇಸ್ತ್ರಿಯವರು ಬೇಕೆಂದೇ ಸುಳ್ಳು ಹೇಳಿದರೆಂದು ನಾನು ಇಂದಿಗೂ ನಂಬುವುದಿಲ್ಲ. ಆದರೆ ಮಾರಿದವರ ಮೂರು ಬೋಟುಗಳ ವರ್ಷಾವಧಿ ಕೆಲಸ ಅವರ ಕೈಯಲ್ಲಿತ್ತು ಎಂಬುದು ನಮಗೆ ತಿಳಿದದ್ದು ಆಮೇಲೆ. ನಾವು ಅವರಿಗೆ ಕೊಟ್ಟದ್ದು ಒಂದು ಊಟ ಮತ್ತು ಬಸ್ಸಿನ ದುಡ್ಡು. ತಮಗೆ ವರ್ಷವಿಡೀ ಅನ್ನ ಕೊಡುವ ಮಾಲೀಕರ ಎದುರು ನಿಂತು ಅವರದೇ ಬೋಟಿನ ಹುಳುಕನ್ನು ಒಂದು ಊಟದ ಸಲುವಾಗಿ ಎತ್ತಿ ಹೇಳಲಿ ಎಂದು ನಿರೀಕ್ಷಿಸಿದ್ದು ನಮ್ಮದೇ ತಪ್ಪು. ತಪಾಸಣೆ ಮಾಡುವವರನ್ನು ಕೊಳ್ಳುವವರೇ ಗೊತ್ತುಮಾಡಬೇಕು, ಅವರ ಸಂಬಳವನ್ನು ಕೊಳ್ಳುವವರೇ ಕೊಡಬೇಕು, ಅವರು ಮಾರುವವರಿಂದಲೋ ದಲ್ಲಾಳಿಯಿಂದಲೋ ಏನನ್ನೂ ಪಡೆಯದವರಾಗಿರಬೇಕು ಎಂದು ನಾನು ಹಟ ಹಿಡಿಯುವುದು ಆ ಅನುಭವದಿಂದ.

ಅಂಗೈಯಿಂದ ತಟ್ಟುವುದಕ್ಕೂ ತಪಾಸಣೆಗೂ ಇರುವ ಅಂತರವನ್ನು ಸ್ವಲ್ಪ ವಿವರಿಸುತ್ತೇನೆ. ಹಿಂದೆ ಬರಿಯ ಮರದ ದೋಣಿಗಳಿಗೆ ಮೀನೆಣ್ಣೆ, ಗೇರುಸಿಪ್ಪೆಯ ಎಣ್ಣೆ ಹಚ್ಚುತ್ತಿದ್ದ ಕಾಲದಲ್ಲಿ ಹಲಗೆ ಕೆಟ್ಟರೆ ಹೊರಗೇ ಕಾಣುತ್ತಿತ್ತು. ಫೈಬರ್ ಹೊದಿಕೆ ಬಂದ ಮೇಲೆ ಕೆಡುಕು ಒಳಗೇ ನಡೆಯುತ್ತದೆ. ಮರವನ್ನು ಕೊಳೆಸುವ ಶಿಲೀಂಧ್ರ ಉಪ್ಪುನೀರಿನಲ್ಲಿ ಅಷ್ಟು ಸುಲಭವಾಗಿ ಬೆಳೆಯುವುದಿಲ್ಲ, ಸಿಹಿನೀರಿನಲ್ಲಿ ಬೆಳೆಯುತ್ತದೆ. ಆದ್ದರಿಂದ ವರ್ಷಕ್ಕೆ 3,000 ಮಿಲಿಮೀಟರ್ ಆಸುಪಾಸು ಮಳೆ ಸುರಿಯುವ ನಮ್ಮ ಊರುಗಳಲ್ಲಿ ಮೇಲಿನ ಅಟ್ಟದ ಸಂದಿಯಿಂದ ಇಳಿದು ಹಲಗೆಗೂ ಫೈಬರಿಗೂ ನಡುವೆ ನಿಂತ ಮಳೆನೀರು ಕಡಲಿನ ನೀರಿಗಿಂತ ಹೆಚ್ಚು ಹಾನಿ ಮಾಡುತ್ತದೆ. ಇದರ ಜೊತೆಗೆ ಅಳಿವೆಯ ನೀರಿನಲ್ಲಿ ಮರ ಕೊರೆಯುವ ಹುಳದ ಕಾಟವಿದೆ. ಅದು ಒಳಹೋಗುವ ರಂಧ್ರ ಸೂಜಿಮೊನೆಯಷ್ಟು, ಒಳಗೆ ಕೊರೆಯುವ ಸುರಂಗ ಬೆರಳಿನಷ್ಟು. ಫೈಬರ್ ಎಲ್ಲಿ ಒಡೆದಿದೆಯೋ ಅಲ್ಲಿಂದ ಅದಕ್ಕೆ ದಾರಿ. ಬಲ್ಲವರು ಸಣ್ಣ ಸುತ್ತಿಗೆಯಿಂದ ಗೇಣು ಗೇಣಿಗೆ ತಟ್ಟುತ್ತ ಹೋಗುತ್ತಾರೆ; ಗಟ್ಟಿ ಇದ್ದಲ್ಲಿ ಸದ್ದು ಟಣ್ ಎಂದು ತಿರುಗಿ ಬರುತ್ತದೆ, ಪದರ ಬಿಟ್ಟಲ್ಲಿ ಅಥವಾ ಮರ ಕೊಳೆತಲ್ಲಿ ತುಂಬಿದ ಗೋಣಿಗೆ ಹೊಡೆದಂತೆ ಅಲ್ಲೇ ಸಾಯುತ್ತದೆ. ಅಂಥ ಜಾಗಗಳಿಗೆ ಸೀಮೆಸುಣ್ಣದ ಗುರುತು ಹಾಕಿ, ತೇವಾಂಶ ಅಳೆಯುವ ಸಾಧನವಿಟ್ಟು ನೋಡಿ, ಮಾಲೀಕರ ಒಪ್ಪಿಗೆ ಪಡೆದು ಸಣ್ಣ ತೂತು ಕೊರೆದು ಒಳಗಿನ ಮರದ ಪುಡಿಯನ್ನು ತೆಗೆದು ನೋಡುತ್ತಾರೆ. ಇದಕ್ಕೆ ಅರ್ಧ ದಿನ ಬೇಕು. ಉಕ್ಕಿನ ಬೋಟಾದರೆ ತೂತು ಕೊರೆಯದೆಯೇ ತಗಡು ಎಷ್ಟು ಸವೆದಿದೆ ಎಂದು ಅಳೆಯುವ ಯಂತ್ರವಿದೆ, ಕೆಲಸ ಸುಲಭ.

ನಮ್ಮ ಜಿಲ್ಲೆಯಲ್ಲಿ ಇನ್ನೊಂದನ್ನು ನೋಡಲೇಬೇಕು. ಹೊನ್ನಾವರದ ಶರಾವತಿ ಅಳಿವೆಯಂಥ ಕಡೆ ಹೂಳಿನ ದಿಬ್ಬಕ್ಕೆ ಬೋಟು ತಾಗುವುದು ಹೊಸ ಸುದ್ದಿಯೇನಲ್ಲ. ಹಾಗೆ ತಾಗಿದ ಬೋಟಿನ ತಳದ ಉದ್ದಮರ, ಚುಕ್ಕಾಣಿ, ನೀರು ತಳ್ಳಿ ಬೋಟನ್ನು ಓಡಿಸುವ ಫ್ಯಾನಿನ ಶಾಫ್ಟ್ ಇವು ಮೇಲ್ನೋಟಕ್ಕೆ ನೆಟ್ಟಗಿದ್ದರೂ ಒಳಗೆ ಬಾಗಿರಬಹುದು. ಫ್ಯಾನನ್ನು ಕೈಯಲ್ಲಿ ಹಿಡಿದು ಮೇಲೆ ಕೆಳಗೆ ಅಲುಗಾಡಿಸಿದರೆ ಶಾಫ್ಟಿನ ಸಡಿಲು ತಿಳಿಯುತ್ತದೆ, ಆದರೆ ಶಾಫ್ಟ್ ಬಾಗಿದೆಯೇ ಎಂಬುದು ಬೋಟು ನೀರಿನಲ್ಲಿ ವೇಗವಾಗಿ ಓಡುವಾಗ ನಡುಗುವುದರಿಂದ ಸುಲಭವಾಗಿ ತಿಳಿಯುತ್ತದೆ.

ಇಲ್ಲಿಯೇ ನಮ್ಮ ಪದ್ಧತಿಯ ತೊಡಕಿರುವುದು. ದಡದಲ್ಲಿರುವ ಬೋಟಿನ ತಳ ಕಾಣುತ್ತದೆ, ಎಂಜಿನ್ನಿನ ಗುಣ ಕಾಣುವುದಿಲ್ಲ. ನೀರಿನಲ್ಲಿರುವ ಬೋಟಿನದು ಇದಕ್ಕೆ ತಿರುಗಾಮುರುಗಾ. ಜುಲೈ ತಿಂಗಳಿನಲ್ಲಿ ದಡದ ಮೇಲೆ ನಿಂತ ಬೋಟಿನ ಎಂಜಿನ್ನನ್ನು ಐದು ನಿಮಿಷ ಓಡಿಸಿ ತೋರಿಸಿದರೆ ಅದು ಭಾರ ಎಳೆಯುವಾಗ ಬಿಸಿಯಾಗುತ್ತದೆಯೇ, ಹೊಗೆ ಕಪ್ಪೋ ನೀಲಿಯೋ, ಗೇರು ಜಾರುತ್ತದೆಯೇ ಎಂಬ ಯಾವುದೂ ಗೊತ್ತಾಗುವುದಿಲ್ಲ. ಕೊಳ್ಳುವ ಮನಸ್ಸಿರುವವರು ಏಪ್ರಿಲ್ ಮೇ ತಿಂಗಳಿನಲ್ಲಿಯೇ ಬೋಟನ್ನು ಗೊತ್ತುಮಾಡಿಕೊಂಡು, ಅದು ದುಡಿಯುತ್ತಿರುವಾಗಲೇ ತಮ್ಮ ಮೆಕ್ಯಾನಿಕ್ಕನ್ನು ಕರೆದುಕೊಂಡು ಒಂದು ದಿನ ಕಡಲಿಗೆ ಹೋಗಿಬರಬೇಕು. ಹೋಗುವ ಮುನ್ನ ಎಂಜಿನ್ನಿನ ಮೇಲೆ ಕೈಯಿಟ್ಟು ಅದು ತಣ್ಣಗಿದೆಯೇ ನೋಡಬೇಕು, ಏಕೆಂದರೆ ಹಟಮಾರಿ ಎಂಜಿನ್ನನ್ನು ನಾವು ಬರುವ ಮೊದಲೇ ಒಮ್ಮೆ ಬಿಸಿಮಾಡಿಡುವ ಜಾಣತನ ಮಾರುವವರಿಗೆ ಇರುತ್ತದೆ. ಆಮೇಲೆ ಜೂನ್‌ನಲ್ಲಿ ದಡಕ್ಕೇರಿಸಿದ ಕೂಡಲೇ, ಬಣ್ಣ ಬಳಿಯುವ ಮೊದಲು, ತಳವನ್ನು ತಪಾಸಣೆ ಮಾಡಿಸಬೇಕು. ಮುಂಗಡ ಕೊಡುವಾಗಲೇ ‘ತಪಾಸಣೆಯಲ್ಲಿ ದೊಡ್ಡ ದೋಷ ಕಂಡರೆ ಮುಂಗಡ ಹಿಂದಿರುಗಿಸತಕ್ಕದ್ದು’ ಎಂದು ಬರೆಸಿಕೊಳ್ಳುವುದು ಒಳ್ಳೆಯದು.

‘ಬ್ಯಾಂಕಿನವರು ನೋಡಿಯೇ ಸಾಲ ಕೊಡುತ್ತಾರೆ, ವಿಮೆಯವರೂ ನೋಡುತ್ತಾರೆ, ಮತ್ತೆ ನಮಗೇಕೆ ಬೇರೆ ಖರ್ಚು’ ಎಂಬ ಮಾತನ್ನು ತಿಳಿದವರ ಬಾಯಲ್ಲೂ ಕೇಳಿದ್ದೇನೆ. ಬ್ಯಾಂಕಿಗೆ ಬೇಕಾದದ್ದು ತನ್ನ ಸಾಲಕ್ಕೆ ಆಧಾರವಾಗುವಷ್ಟು ಬೆಲೆ ಬೋಟಿಗಿದೆಯೇ ಎಂಬ ಮೌಲ್ಯಮಾಪನ. ಹಲಗೆಯ ಆರೋಗ್ಯ ಅದರ ಚಿಂತೆಯಲ್ಲ. ವಿಮೆಯ ವಿಷಯ ಇನ್ನೂ ಸ್ಪಷ್ಟವಾಗಿದೆ. 1963ರ ಸಾಗರ ವಿಮಾ ಕಾಯ್ದೆಯ 55ನೆಯ ಕಲಮಿನ ಪ್ರಕಾರ, ಪಾಲಿಸಿಯಲ್ಲಿ ಬೇರೆ ರೀತಿ ಹೇಳಿರದಿದ್ದರೆ, ಸಾಮಾನ್ಯ ಸವೆತ, ಸಾಮಾನ್ಯ ಸೋರಿಕೆ, ಇಲಿ ಹುಳಗಳ ಹಾನಿ ಇವುಗಳಿಗೆ ವಿಮೆದಾರರು ಹೊಣೆಯಲ್ಲ. ಮಾರಿದವರ ಮೇಲೆ ದಾವೆ ಹೂಡೋಣವೆಂದರೆ 1930ರ ಸರಕು ಮಾರಾಟ ಕಾಯ್ದೆ ಕೆಲವು ವಿನಾಯಿತಿಗಳನ್ನು ಬಿಟ್ಟರೆ ಗುಣಮಟ್ಟದ ಎಚ್ಚರಿಕೆಯನ್ನು ಕೊಳ್ಳುವವರ ತಲೆಗೇ ಕಟ್ಟಿದೆ. ನಮ್ಮ ಬೋಟಿನ ವಿಷಯದಲ್ಲಿ ವಕೀಲರು ಹೇಳಿದ್ದೂ ಅದನ್ನೇ, ಅದಕ್ಕೂ ಶುಲ್ಕ ಪಡೆದು.

ದುಡ್ಡು ಕೊಟ್ಟು ತಪಾಸಣೆ ಮಾಡಿಸಿ, ಬೋಟು ಸರಿಯಿಲ್ಲವೆಂದು ಬಿಟ್ಟರೆ ಆ ದುಡ್ಡು ಹೋಯಿತಲ್ಲ ಎಂಬುದು ಜನರ ನಿಜವಾದ ಸಂಕಟ. ಅದನ್ನೂ ಅನುಭವಿಸಿದ್ದೇನೆ. ನಾಲ್ಕು ವರ್ಷಗಳ ಹಿಂದೆ ಎರಡನೆಯ ಬೋಟಿಗಾಗಿ ಹುಡುಕುವಾಗ ಎಂಟು ಸಾವಿರ ಕೊಟ್ಟು ಒಂದನ್ನು ತಪಾಸಣೆ ಮಾಡಿಸಿದೆ. ಗೇರುಪೆಟ್ಟಿಗೆಯ ಆಯಿಲ್ ಹಾಲು ಬೆರೆತ ಚಹಾದ ಬಣ್ಣಕ್ಕೆ ತಿರುಗಿತ್ತು, ಅಂದರೆ ನೀರು ಸೇರಿತ್ತು; ಜೊತೆಗೆ ತಳದಲ್ಲಿ ಹದಿನೇಳು ಸೀಮೆಸುಣ್ಣದ ಗುರುತು. ಕೊಳ್ಳಲಿಲ್ಲ. ಮನೆಯಲ್ಲಿ ‘ಎಂಟು ಸಾವಿರ ಕೊಟ್ಟು ಬೇರೆಯವರ ಬೋಟಿಗೆ ಬೊಟ್ಟಿಟ್ಟು ಬಂದರು’ ಎಂದು ಈಗಲೂ ಆಡಿಕೊಳ್ಳುತ್ತಾರೆ. ಎರಡನೆಯ ಬೋಟು ಇವತ್ತಿಗೂ ಆಗಿಲ್ಲ. ಆದರೂ ಬೋಟಿಗೆಂದು ನಾನು ಮಾಡಿದ ಖರ್ಚುಗಳಲ್ಲಿ ಬೇಸರ ತರದ ಖರ್ಚು ಅದೊಂದೇ.

ಎಲ್ಲದಕ್ಕೂ ಸರ್ವೇಯರ್ ಬೇಕೆಂದು ನಾನು ಹೇಳುವುದಿಲ್ಲ. ಒಂದೂವರೆ ಎರಡು ಲಕ್ಷದ ಫೈಬರ್ ದೋಣಿಗೆ ಮಂಗಳೂರಿನಿಂದ ಜನ ಕರೆಸುವುದು ಅತಿಯಾದೀತು. ಅಲ್ಲಿ ಬೇರೆ ಬಂದರಿನ ಮೇಸ್ತ್ರಿಯೊಬ್ಬರಿಗೂ ಔಟ್‌ಬೋರ್ಡ್ (ದೋಣಿಯ ಹಿಂಬದಿಗೆ ಹೊರಗಿನಿಂದ ಕೂರಿಸುವ ಎಂಜಿನ್) ಮೆಕ್ಯಾನಿಕ್ ಒಬ್ಬರಿಗೂ ಅರ್ಧ ದಿನದ ಸಂಬಳ ಕೊಟ್ಟರೆ ಸಾಕು. ಎಂಜಿನ್ ಕೂರಿಸುವ ಹಿಂಬದಿಯ ಗೋಡೆಯ ಫೈಬರ್ ಒಳಗೆ ಸಾಮಾನ್ಯವಾಗಿ ಪ್ಲೈವುಡ್ ಇರುತ್ತದೆ, ಬೋಲ್ಟಿನ ತೂತುಗಳಿಂದ ಅದು ನೀರು ಕುಡಿಯುತ್ತದೆ. ಎಂಜಿನ್ನನ್ನು ಮೇಲಕ್ಕೆತ್ತಿ ಅದರ ಕಾಲು ಹಿಡಿದು ಒತ್ತಿದಾಗ ಆ ಗೋಡೆ ಬಳುಕಿದರೆ ಮುಂದಿನ ಮಾತೇ ಬೇಡ.

ತಪಾಸಣೆಗೂ ಮಿತಿಯಿದೆ. ಎಂಜಿನ್ ಬಿಚ್ಚದೆ ಒಳಗಿನದು ಪೂರ್ತಿ ತಿಳಿಯುವುದಿಲ್ಲ, ಫೈಬರ್ ಎಲ್ಲವನ್ನೂ ಸುಲಿದು ನೋಡಲು ಯಾವ ಮಾಲೀಕರೂ ಬಿಡುವುದಿಲ್ಲ, ವರದಿಯ ಕೊನೆಯಲ್ಲಿ ‘ಕಾಣದ ಭಾಗಕ್ಕೆ ಹೊಣೆಯಲ್ಲ’ ಎಂದು ಸರ್ವೇಯರ್ ಬರೆದೇ ಬರೆಯುತ್ತಾರೆ. ಕಾಗದಪತ್ರಗಳನ್ನು ಅವರಿಗೇ ಬಿಟ್ಟು ಕೂರುವಂತಿಲ್ಲ; ನೋಂದಣಿ ಪತ್ರದಲ್ಲಿರುವ ಎಂಜಿನ್ ನಂಬರು ತಾಳೆಯಾಗುತ್ತದೆಯೇ, ಬ್ಯಾಂಕಿನ ಅಥವಾ ಸೊಸೈಟಿಯ ಸಾಲ ಬೋಟಿನ ಮೇಲಿದೆಯೇ, ಕರ್ನಾಟಕ ಸಾಗರ ಮೀನುಗಾರಿಕೆ ನಿಯಂತ್ರಣ ಕಾಯ್ದೆ, 1986ರ ಅಡಿಯ ಲೈಸೆನ್ಸ್ ಚಾಲ್ತಿಯಲ್ಲಿದೆಯೇ ಎಂಬುದನ್ನು ನಾವೇ ಇಲಾಖೆಯಲ್ಲಿ ವಿಚಾರಿಸಿಕೊಳ್ಳಬೇಕು.

ಮೀನುಗಾರಿಕಾ ಇಲಾಖೆಯಲ್ಲಿಯೂ ಮೀನುಗಾರರ ಸಹಕಾರ ಸಂಘಗಳಲ್ಲಿಯೂ ನನ್ನದೊಂದು ವಿನಂತಿ. ಯಾರ ಬೋಟಿನ ಕೆಲಸಕ್ಕೂ ಕಟ್ಟುಬೀಳದ ಐದಾರು ಮಂದಿ ತಪಾಸಣೆಗಾರರ ಪಟ್ಟಿಯೊಂದನ್ನು, ನಿಗದಿಯಾದ ಶುಲ್ಕದೊಂದಿಗೆ, ಪ್ರತಿ ಬಂದರಿನ ಕಚೇರಿಯಲ್ಲಿ ತೂಗುಹಾಕಲಿ. ಕಾರವಾರದಲ್ಲಿ 2005ರಿಂದ ಕದಂಬ ನೌಕಾನೆಲೆಯಿದೆ. ಹಡಗಿನ ಕೆಲಸ ಬಲ್ಲ ನಿವೃತ್ತರನ್ನು ಹುಡುಕಲು ಮಂಗಳೂರಿನವರೆಗೆ ಹೋಗಬೇಕಾದದ್ದಿಲ್ಲ. ಪ್ರಯಾಣದ ಖರ್ಚು ಉಳಿದರೆ 15 ಸಾವಿರದ ಕೆಲಸ ಅದಕ್ಕಿಂತ ಎಷ್ಟೋ ಕಡಿಮೆಗೆ ಆದೀತು, ಚಹಾದಂಗಡಿಯ ಅರ್ಧ ಆಕ್ಷೇಪ ಅಲ್ಲಿಗೆ ನಿಂತೀತು. ಈ ನಿಷೇಧದ ಅವಧಿಯಲ್ಲಿ ಆಗದಿದ್ದರೂ ಮುಂದಿನ ಏಪ್ರಿಲ್ ಒಳಗೆ ಇದಾಗಲಿ.

ನನ್ನನ್ನು ಕೇಳಲು ಬಂದಿದ್ದ ಯುವಕ ಸರ್ವೇಯರ್‌ಗೆ ಫೋನ್ ಮಾಡಿದ್ದಾನೆ. ಮಾರುವವರು ಮಾತ್ರ ಫೈಬರಿಗೆ ತೂತು ಕೊರೆಯಲು ಇನ್ನೂ ಒಪ್ಪಿಲ್ಲವಂತೆ.

ಇತಿ ತಮ್ಮ ವಿಶ್ವಾಸಿ,
ಓದುಗ, ತದಡಿ, ಕುಮಟಾ ತಾಲ್ಲೂಕು