ಮಗಳಿಗೊಂದು ಪತ್ರ: 134 ಸಲ ಸೋತವರು

ಮೈಸೂರು

ಪ್ರೀತಿಯ ಪುಟ್ಟಿ,

ಭಾನುವಾರ ಫೋನಿನಲ್ಲಿ ನೀನು ಹೇಳಿದ್ದು ತಲೆಯಿಂದ ಹೋಗ್ತಾ ಇಲ್ಲ. "ಚೆನ್ನಾಗಿ ಕೆಲಸ ಮಾಡೋರನ್ನೆಲ್ಲ ಡಲ್ಲಾಸ್ ಆಫೀಸಿಗೆ ಎತ್ತಿಕೊಂಡು ಹೋದ್ರು ಅಪ್ಪ, ಇಲ್ಲಿ ಉಳಿದಿರೋದು ಚಿಲ್ಲರೆ." ನಾನು ಹ್ಞೂಂ ಅಂದು ಫೋನನ್ನು ನಿಮ್ಮಮ್ಮನ ಕೈಗೆ ಕೊಟ್ಟುಬಿಟ್ಟೆ. ಸಮಾಧಾನ ಹೇಳೋದು ನನಗೆ ಬರೋದಿಲ್ಲ. ಮೂವತ್ತು ವರ್ಷ ಕ್ರಿಕೆಟ್ ಲೀಗ್ ಮ್ಯಾಚುಗಳಿಗೆ ಸ್ಕೋರ್ ಬರೆದವನು, ನನಗೆ ಬರೋದು ಅಷ್ಟೇ. ಆದ್ದರಿಂದ ಒಂದು ಸ್ಕೋರು ಕಳಿಸ್ತಾ ಇದ್ದೇನೆ, ನೀನಿರೋ ಊರಿನದೇ.

ಹೋದ ವರ್ಷ ನಾನು ಕ್ಲೀವ್‌ಲ್ಯಾಂಡಿಗೆ ಬಂದಿದ್ದಾಗ ಲೆಕ್ಸಿಂಗ್ಟನ್ ಅವೆನ್ಯೂದಲ್ಲಿರೋ ಲೀಗ್ ಪಾರ್ಕಿಗೆ ಕರಕೊಂಡು ಹೋಗಿದ್ದೆಯಲ್ಲ? ಹಳೇ ಇಟ್ಟಿಗೆ ಟಿಕೆಟ್ ಮನೆ, ಅದರೊಳಗೆ ಬೇಸ್‌ಬಾಲ್ ಮ್ಯೂಸಿಯಂ. ನೀನು ಕಾರಿನಲ್ಲೇ ಕೂತು ಆಫೀಸಿನವರ ಜೊತೆ ಮಾತಾಡ್ತಾ ಇದ್ದೆ. ಆ ಟಿಕೆಟ್ ಮನೆಗಿಂತ ಹತ್ತು ವರ್ಷ ಹಿಂದೆ, 1899ರಲ್ಲಿ, ಅದೇ ಜಾಗದಲ್ಲಿ ಸ್ಪೈಡರ್ಸ್ ಅಂತ ಒಂದು ಬೇಸ್‌ಬಾಲ್ ತಂಡ ಆಡ್ತಿತ್ತು. ಆ ವರ್ಷ ಅವರು 154 ಪಂದ್ಯ ಆಡಿ 20 ಗೆದ್ದರು, 134 ಸೋತರು. ಅಮೆರಿಕದ ದೊಡ್ಡ ಲೀಗಿನಲ್ಲಿ ಅಷ್ಟು ಸೋತವರು ಅವರಿಗೆ ಮುಂಚೆ ಇಲ್ಲ, ಆಮೇಲೂ ಇಲ್ಲ. 2024ರಲ್ಲಿ ಶಿಕಾಗೋ ವೈಟ್ ಸಾಕ್ಸ್ 121 ಸೋತಾಗ ಪೇಪರಿನವರು ಎಷ್ಟು ಬಾಯಿ ಬಡಕೊಂಡರು, ಅದೂ 162 ಪಂದ್ಯ ಆಡಿ!

ಮೊದಲು ಅದು ಕಳಪೆ ತಂಡವೇನೂ ಆಗಿರಲಿಲ್ಲ. 1895ರಲ್ಲಿ ಬಾಲ್ಟಿಮೋರಿನವರನ್ನು ಸೋಲಿಸಿ ಟೆಂಪಲ್ ಕಪ್ ಗೆದ್ದಿತ್ತು. ಇವತ್ತು ಅತ್ಯುತ್ತಮ ಪಿಚರ್‌ಗೆ (ಚೆಂಡು ಎಸೆಯೋನು, ನಮ್ಮ ಬೌಲರ್ ಥರ) ಯಾರ ಹೆಸರಿನ ಪ್ರಶಸ್ತಿ ಕೊಡ್ತಾರೋ ಆ ಸೈ ಯಂಗ್ ಈ ತಂಡದ ಹುಡುಗ. ಯಜಮಾನರು ರಾಬಿಸನ್ ಅಂತ ಅಣ್ಣತಮ್ಮ. ಅಣ್ಣ ಫ್ರ್ಯಾಂಕನದು ಟ್ರಾಮ್ ವ್ಯಾಪಾರ. ಮೈದಾನವನ್ನೂ ತನ್ನ ಟ್ರಾಮು ಹೋಗೋ ದಾರಿಯಲ್ಲೇ ಮಾಡಿಸಿದ್ದ, ಆಟಕ್ಕೆ ಬರೋರು ಟ್ರಾಮಿಗೂ ಕಾಸು ಕೊಡಲಿ ಅಂತ. ಆದರೂ ಕ್ಲೀವ್‌ಲ್ಯಾಂಡಿನಲ್ಲಿ ಜನ ಸಾಲದು ಅನ್ನೋ ಸಿಟ್ಟು ಅವನಿಗೆ. ಅಷ್ಟರಲ್ಲಿ ಸೇಂಟ್ ಲೂಯಿಸ್ ತಂಡ ದಿವಾಳಿಯಾಗಿ ಹರಾಜಿಗೆ ಬಂತು, ಅದನ್ನೂ ತಗೊಂಡರು. ಒಬ್ಬರೇ ಎರಡು ತಂಡ ಇಟ್ಟುಕೊಳ್ಳಬಾರದು ಅನ್ನೋ ನಿಯಮ ಆಗ ಇರಲಿಲ್ಲ. ಸೈ ಯಂಗ್, ಜೆಸ್ಸಿ ಬರ್ಕೆಟ್, ಬಾಬಿ ವಾಲೇಸ್, ಆಡಬಲ್ಲವರನ್ನೆಲ್ಲ ಅಲ್ಲಿಗೆ ಸಾಗಿಸಿ, ಅಲ್ಲಿ ಬೇಡವಾದವರನ್ನು ಇಲ್ಲಿಗೆ ತಳ್ಳಿದರು. ಸೇಂಟ್ ಲೂಯಿಸ್ ತಂಡಕ್ಕೆ ಹೆಸರು ಬೇರೆ ಇಟ್ಟರು, ಪರ್ಫೆಕ್ಟೋಸ್.

ಸೀಸನ್ನಿನ ಮೊದಲ ಪಂದ್ಯವೇ ಈ ಎರಡು ತಂಡಗಳ ನಡುವೆ, ಸೇಂಟ್ ಲೂಯಿಸಿನಲ್ಲಿ. ಎದುರಿಗೆ ಚೆಂಡು ಹಿಡಿದು ನಿಂತವನು ಹೋದ ವರ್ಷದ ತನಕ ಇವರ ಸೈ ಯಂಗ್. 10-1ರಲ್ಲಿ ಸೋತರು.

ಮುಂದಿನದನ್ನು ಪ್ರತಿ ಪಂದ್ಯಕ್ಕೂ ಬರೆಯುತ್ತಾ ಕೂತರೆ ಬೆಳಗಾಗುತ್ತೆ. ಇದ್ದವರಲ್ಲಿ ಒಳ್ಳೆಯವನು ಮ್ಯಾನೇಜರ್ ಲೇವ್ ಕ್ರಾಸ್; 38 ಪಂದ್ಯದಲ್ಲಿ 8 ಗೆಲ್ಲಿಸಿದ. ಅವನನ್ನೂ ಸೇಂಟ್ ಲೂಯಿಸಿಗೆ ಕರೆಸಿಕೊಂಡರು. (ಈ ಸಾಲು ಬರೆಯೋವಾಗ ನಿಮ್ಮ ಹಳೇ ಟೀಮ್ ಲೀಡ್ ನೆನಪಾದಳು.) ಆಮೇಲೆ ಜೋ ಕ್ವಿನ್, ಆಸ್ಟ್ರೇಲಿಯಾದಲ್ಲಿ ಹುಟ್ಟಿದವನು, ಆಟ ಇಲ್ಲದಾಗ ಶವಸಂಸ್ಕಾರದ ಕಸುಬು. ಪತ್ರಿಕೆಯವರಿಗೆ ತಮಾಷೆ ಹುಡುಕೋ ಕಷ್ಟವೂ ತಪ್ಪಿತು. ಅವನ ಕೈಕೆಳಗೆ 12 ಗೆಲುವು, 104 ಸೋಲು. ಜಿಮ್ ಹ್ಯೂಯಿ ಅನ್ನೋ ಪಿಚರ್ ಒಬ್ಬನೇ 30 ಸೋತ. ತಂಡ ಒಂದು ಸಲ ಸತತ 24 ಸೋತಿತು. ಕೊನೆಯ 41 ಪಂದ್ಯದಲ್ಲಿ ಗೆದ್ದದ್ದು ಒಂದು.

ಮನೆಯಂಗಳದಲ್ಲಿ ಆಡಿದ್ದು 42 ಪಂದ್ಯ ಮಾತ್ರ. ಅಷ್ಟಕ್ಕೂ ಸೇರಿ ಬಂದ ಜನ 6,088, ಪಂದ್ಯಕ್ಕೆ 145 ತಲೆ. ನಮ್ಮಲ್ಲಿ ಶಾಲಾ ಮಕ್ಕಳ ಮ್ಯಾಚಿಗೆ ಬೇಲಿ ಹಿಡಿದು ನಿಲ್ಲೋರೇ ಅಷ್ಟಿರ್ತಾರೆ. ಟಿಕೆಟ್ ಹಣದ ಪಾಲಿನಲ್ಲಿ ಹೋಟೆಲ್ ಖರ್ಚೂ ಹುಟ್ಟಲ್ಲ ಅಂತ ಬೇರೆ ತಂಡಗಳು ಕ್ಲೀವ್‌ಲ್ಯಾಂಡಿಗೆ ಬರೋದನ್ನೇ ಬಿಟ್ಟವು. ಇವರೇ ರೈಲು ಹತ್ತಿ ಊರೂರು ಅಲೆದರು: ಹೊರಗೆ 112 ಪಂದ್ಯ, ಅದರಲ್ಲಿ 101 ಸೋಲು. ಸಿನ್ಸಿನಾಟಿಯಲ್ಲಿ ಕೊನೆಯ ದಿನ ಚೆಂಡು ಎಸೆದವನು ಎಡ್ಡಿ ಕೋಲ್ಬ್ ಅಂತ, ಹೋಟೆಲಿನ ಸಿಗಾರ್ ಅಂಗಡಿಯ ಹುಡುಗ. 19-3ರಲ್ಲಿ ಸೋತರು.

ಇವರೆಲ್ಲ ಮರೆಯಲ್ಲಿದ್ದ ರತ್ನಗಳು ಅಂತ ನಾನು ಹೇಳ್ತಾ ಇಲ್ಲ ಪುಟ್ಟಿ. 1,252 ರನ್ ಕೊಟ್ಟು 529 ಹೊಡೆದವರನ್ನು ಹೊಗಳೋಕೆ ನನ್ನ ಪೆನ್ನು ಒಪ್ಪಲ್ಲ. ಆದರೆ ಇವರಿಂದ ಕಿತ್ತುಕೊಂಡು ಕಟ್ಟಿದ ಪರ್ಫೆಕ್ಟೋಸ್ ಏನಾಯಿತು ಕೇಳು: ಐದನೇ ಸ್ಥಾನ. ಅದೇ ವರ್ಷ ಬಾಲ್ಟಿಮೋರಿನ ಯಜಮಾನರೂ ಹೀಗೇ ಮಾಡಿದರು, ಒಳ್ಳೆಯವರನ್ನೆಲ್ಲ ಬ್ರೂಕ್ಲಿನ್ನಿಗೆ ಸಾಗಿಸಿದರು, ಬ್ರೂಕ್ಲಿನ್ ಗೆದ್ದೂಬಿಟ್ಟಿತು. ಆದರೆ ಜಾನ್ ಮೆಗ್ರಾ ಅನ್ನೋ ಹಟಮಾರಿ ಹೋಗಲ್ಲ ಅಂತ ಕೂತ. ಅವನು ಉಳಿದವರನ್ನು ಕಟ್ಟಿಕೊಂಡು ಬಾಲ್ಟಿಮೋರನ್ನು ನಾಲ್ಕನೇ ಸ್ಥಾನಕ್ಕೆ ತಂದ, ಪರ್ಫೆಕ್ಟೋಸ್‌ಗಿಂತ ಮೇಲೆ! ಅದನ್ನು ಓದಿ ನಾನು ಒಬ್ಬನೇ ನಕ್ಕೆ. ನಿಮ್ಮಮ್ಮ ಅಡುಗೆಮನೆಯಿಂದ ಏನು ಅಂದಳು, ಹೇಳೋಕೆ ಹೋದರೆ ಕಾಫಿ ಆರುತ್ತೆ ಅಂತ ಸುಮ್ಮನಾದೆ.

ಮರುವರ್ಷ ಲೀಗು 12 ತಂಡಗಳನ್ನು 8ಕ್ಕೆ ಇಳಿಸಿತು. ಕ್ಲೀವ್‌ಲ್ಯಾಂಡ್ ಹೋಯಿತು, ಮೆಗ್ರಾನ ಬಾಲ್ಟಿಮೋರೂ ಹೋಯಿತು. ನೀನು ಅಲ್ಲಿರಬೇಕೋ ಬೇರೆ ನೋಡಬೇಕೋ, ಅದು ನಿನ್ನ ಲೆಕ್ಕ. ಬಿಡೋದಾದರೆ ಬಿಡು, ನಾವೇನೂ ಅನ್ನಲ್ಲ. ಚಿಲ್ಲರೆ ಅನ್ನೋ ಮಾತು ಮಾತ್ರ ನನಗೆ ಸರಿಕಾಣಲಿಲ್ಲ.

ಸೀಸನ್ ಮುಗಿದ ಮೇಲೆ ಆ ಸೋತ ಆಟಗಾರರು ದುಡ್ಡು ಹಾಕಿ, ತಂಡದ ಜೊತೆ ಊರೂರು ತಿರುಗಿದ ಕಾರ್ಯದರ್ಶಿ ಜಾರ್ಜ್ ಮ್ಯೂರ್‌ಗೆ ವಜ್ರದ ಲಾಕೆಟ್ ಕೊಟ್ಟರಂತೆ. ನಮ್ಮ ಅಷ್ಟೂ ಆಟವನ್ನು ಕೂತು ನೋಡಬೇಕಾದ ಪಾಪದವನು ನೀನೊಬ್ಬನೇ ಅಂತ! ಸ್ಕೋರರ್ ಆದವನಿಗೆ ಇಂಥದ್ದು ಯಾರು ಕೊಡ್ತಾರೆ, ಹೇಳು. ನನಗೆ ಕೊಟ್ಟಿದ್ದು ಚಿತ್ರಾನ್ನದ ಪೊಟ್ಟಣ.

ಬ್ಯಾಟಿಂಗ್ ಸಿಗದ ಹನ್ನೊಂದನೆಯವನ ಹೆಸರೂ ಸ್ಕೋರ್‌ಬುಕ್ಕಿನಲ್ಲಿ ಇರಬೇಕು, ಅದು ನಿಯಮ. ಡಲ್ಲಾಸಿಗೆ ಹೋದವರ ಹೆಸರೆಲ್ಲ ನನಗೆ ಬಾಯಿಪಾಠ ಆಗಿದೆ, ಅಷ್ಟು ಸಲ ಹೇಳಿದ್ದೀಯ. ಬರೋ ಭಾನುವಾರ ಫೋನ್ ಮಾಡಿದಾಗ ನಿನ್ನ ಜೊತೆ ಉಳಿದವರ ಹೆಸರು ಒಂದೊಂದಾಗಿ ಹೇಳು, ಪೆನ್ನು ಹಿಡಿದು ಕೂತಿರ್ತೇನೆ.

ನಿನ್ನ
ಅಪ್ಪ